ಕಾರ್ಬ್ ಕಡಿಮೆ ತಿಂದರೆ ಡಿಮೆನ್ಷಿಯಾ ಬರುವುದಿಲ್ಲವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆ ಮತ್ತು ಪಿಷ್ಟ ಬಿಟ್ಟರೆ ಮೆದುಳು ಚುರುಕಾಗುತ್ತದೆ, ಮರೆವಿನ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎನ್ನುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಅದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಆದರೆ ವಿಜ್ಞಾನ ಹೇಳಿದ್ದಕ್ಕಿಂತ ಮಾತು ತುಂಬಾ ಮುಂದೆ ಓಡಿದೆ. ಸಕ್ಕರೆ ಕಾಯಿಲೆಗೋ ಬಿಪಿಗೋ ಮಾತ್ರೆ ತೆಗೆದುಕೊಳ್ಳುವವರು ಮೊದಲು ಮಾತ್ರೆಗಳ ಬಗ್ಗೆ ಇರುವ ಪ್ರಶ್ನೆ ಓದಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

‘ಕಡಿಮೆ ಕಾರ್ಬ್’ ಅಂದರೆ ಎಷ್ಟು ಕಡಿಮೆ?

ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಅದರಲ್ಲಿ ಅರ್ಧದಷ್ಟನ್ನು ಕಾರ್ಬೋಹೈಡ್ರೇಟ್‌ನಿಂದ ಪಡೆದರೆ ಅದು ಸುಮಾರು 250 ಗ್ರಾಂ ಆಗುತ್ತದೆ. ದಿನಕ್ಕೆ 130 ಗ್ರಾಂಗಿಂತ ಕೆಳಗೆ ಇಳಿದರೆ ಅದನ್ನು ಕಡಿಮೆ ಕಾರ್ಬ್ ಆಹಾರ ಎನ್ನುವುದು ವಾಡಿಕೆ. 20ರಿಂದ 50 ಗ್ರಾಂಗೆ ಇಳಿದರೆ ಅದು ಕೀಟೋ.

ಈ ಎರಡರ ಮಧ್ಯೆ ಬಹಳ ವ್ಯತ್ಯಾಸ ಇದೆ. ಕೀಟೋ ಆಹಾರದ ಮೇಲೆ ನಡೆದ ಪ್ರಯೋಗದ ಸುದ್ದಿಯನ್ನು ಓದಿ, ಸಂಜೆಯ ಬಿಸ್ಕತ್ತು ಬಿಟ್ಟವರು ತಮಗೂ ಅದೇ ಲಾಭ ಸಿಗುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. 130 ಗ್ರಾಂ ತಿನ್ನುವವರ ರಕ್ತದಲ್ಲಿ, ಲಿವರ್ ಕೊಬ್ಬಿನಿಂದ ಮಾಡುವ ಕೀಟೋನ್ ಎಂಬ ಇಂಧನ ಹೇಳಿಕೊಳ್ಳುವಷ್ಟು ಏರುವುದೇ ಇಲ್ಲ. ಬಿಸ್ಕತ್ತು ಬಿಟ್ಟಿದ್ದು ಒಳ್ಳೆಯದೇ, ಅದು ಬೇರೆ ಮಾತು.

ಮೆದುಳಿಗೆ ಗ್ಲೂಕೋಸ್ ಬೇಕೇ ಬೇಕು ಅಂತಾರಲ್ಲ? ಕಾರ್ಬ್ ತಿನ್ನದಿದ್ದರೆ ಮೆದುಳು ಸೊರಗುವುದಿಲ್ಲವಾ?

ಇಲ್ಲ. ಮೆದುಳಿನ ತೂಕ ದೇಹದ ಶೇ. 2ರಷ್ಟು ಮಾತ್ರ. ಖರ್ಚು ಮಾಡುವ ಶಕ್ತಿ ಸುಮಾರು ಶೇ. 20. ಸಾಮಾನ್ಯ ದಿನಗಳಲ್ಲಿ ಅದು ದಿನಕ್ಕೆ ನೂರು ಗ್ರಾಂ ಮೇಲ್ಪಟ್ಟು ಗ್ಲೂಕೋಸ್ ಬಳಸುತ್ತದೆ. ಆದರೆ ಅಷ್ಟನ್ನೂ ತಿಂದೇ ಪಡೆಯಬೇಕು ಎಂದೇನೂ ಇಲ್ಲ. ಪ್ರೋಟೀನ್‌ನಿಂದ, ಕೊಬ್ಬಿನ ಒಂದು ಸಣ್ಣ ಭಾಗದಿಂದ ಲಿವರ್ ತಾನೇ ಗ್ಲೂಕೋಸ್ ಮಾಡಿಕೊಳ್ಳುತ್ತದೆ.

ಇದಕ್ಕಿಂತ ಕುತೂಹಲದ ವಿಷಯ ಕೀಟೋನ್. ಕಾರ್ಬ್ ತೀರಾ ಕಡಿಮೆಯಾದಾಗ, ಅಥವಾ ಉಪವಾಸ ಇದ್ದಾಗ, ಲಿವರ್ ಕೊಬ್ಬನ್ನು ಕೀಟೋನ್ ಆಗಿ ಬದಲಾಯಿಸಿ ರಕ್ತಕ್ಕೆ ಬಿಡುತ್ತದೆ. ಕೊಬ್ಬನ್ನು ನೇರವಾಗಿ ಉರಿಸಿ ಶಕ್ತಿ ಪಡೆಯುವುದು ಮೆದುಳಿಗೆ ಹೆಚ್ಚುಕಡಿಮೆ ಆಗದ ಕೆಲಸ. ಕೀಟೋನ್ ಆದರೆ ಸಲೀಸು. 1960ರ ದಶಕದವರೆಗೆ ಮೆದುಳಿಗೆ ಗ್ಲೂಕೋಸ್ ಬಿಟ್ಟು ಬೇರೆ ಇಂಧನ ಇಲ್ಲ ಎಂದೇ ನಂಬಿದ್ದರು. ಅಮೆರಿಕದ ಜಾರ್ಜ್ ಕ್ಯಾಹಿಲ್ ಮತ್ತು ಅವರ ಜೊತೆಯವರು ವಾರಗಟ್ಟಲೆ ಉಪವಾಸ ಇದ್ದವರ ಮೆದುಳಿಗೆ ಹೋಗುವ ರಕ್ತವನ್ನೂ ಅಲ್ಲಿಂದ ವಾಪಸು ಬರುವ ರಕ್ತವನ್ನೂ ಅಳೆದು ನೋಡಿದರು. ಅರ್ಧಕ್ಕಿಂತ ಜಾಸ್ತಿ ಶಕ್ತಿ ಕೀಟೋನ್‌ನಿಂದಲೇ ಬರುತ್ತಿತ್ತು. 1967ರಲ್ಲಿ ಇದು ಪ್ರಕಟವಾಯಿತು.

ಅಂದರೆ ಕಾರ್ಬ್ ಇಲ್ಲದೆಯೂ ಮೆದುಳು ನಡೆಯುತ್ತದೆ. ಚೆನ್ನಾಗಿ ನಡೆಯುತ್ತದಾ, ಮುಪ್ಪಿನಲ್ಲೂ ಕೆಡದೆ ಉಳಿಯುತ್ತದಾ ಎನ್ನುವುದಕ್ಕೆ ಇಷ್ಟರಿಂದಲೇ ಉತ್ತರ ಸಿಗುವುದಿಲ್ಲ.

ಹಾಗಾದರೆ ಅಲ್ಝೈಮರ್ಸ್‌ಗೂ ಕೀಟೋನ್‌ಗೂ ಏನು ಸಂಬಂಧ?

ಅಲ್ಝೈಮರ್ಸ್ ಅಂದರೆ ಡಿಮೆನ್ಷಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಬಗೆ. ಅದು ಇರುವವರ ಮೆದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದರೆ ಕೆಲವು ಭಾಗಗಳು ಗ್ಲೂಕೋಸನ್ನು ಸರಿಯಾಗಿ ಎಳೆದುಕೊಳ್ಳದೆ ಮಂಕಾಗಿ ಕಾಣುತ್ತವೆ. ಮರೆವು ಕಣ್ಣಿಗೆ ಬೀಳುವ ಮೊದಲೇ ಇದು ಕೆಲವರಲ್ಲಿ ಶುರುವಾಗಿರುತ್ತದೆ. ಕೆನಡಾದ ಶೆರ್‌ಬ್ರೂಕ್ ವಿಶ್ವವಿದ್ಯಾಲಯದ ಸ್ಟೀಫನ್ ಕ್ಯೂನೇನ್ ಅವರ ತಂಡ ಇದೇ ರೋಗಿಗಳಲ್ಲಿ ಕೀಟೋನ್ ಹೇಗೆ ಬಳಕೆಯಾಗುತ್ತದೆ ಎಂದು ನೋಡಿತು. ಅದು ಹೆಚ್ಚುಕಡಿಮೆ ಆರೋಗ್ಯವಂತರ ಹಾಗೇ ಇತ್ತು. ಒಂದು ಇಂಧನದ ದಾರಿ ಕಟ್ಟಿಕೊಂಡಿದೆ, ಇನ್ನೊಂದು ತೆರೆದಿದೆ. ಹಾಗಾದರೆ ಆ ದಾರಿಯಲ್ಲಿ ಶಕ್ತಿ ಕಳಿಸಿ ನೋಡಬಾರದೇಕೆ ಎನ್ನುವುದು ಅವರ ಯೋಚನೆ.

ನೋಡಿದರು ಕೂಡ. ಮರೆವು ಶುರುವಾಗಿದ್ದು ಇನ್ನೂ ಡಿಮೆನ್ಷಿಯಾ ಹಂತಕ್ಕೆ ಹೋಗದ ಸುಮಾರು 80 ಜನರಲ್ಲಿ ಕೆಲವರಿಗೆ ದಿನಕ್ಕೆ 30 ಗ್ರಾಂ ಎಂಸಿಟಿ ಎನ್ನುವ ಬೇಗ ಕೀಟೋನ್ ಆಗುವ ಕೊಬ್ಬಿನ ಪಾನೀಯವನ್ನು ಆರು ತಿಂಗಳು ಕೊಟ್ಟರು. ಉಳಿದವರಿಗೆ ಅದೇ ಕ್ಯಾಲೊರಿಯ ಬೇರೆ ಪಾನೀಯ. ಎಂಸಿಟಿ ಕುಡಿದವರ ಮೆದುಳು ಕೀಟೋನನ್ನು ಹೆಚ್ಚು ಬಳಸಿತು, ನೆನಪಿನ ಮತ್ತು ಭಾಷೆಯ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು.

ನನಗೆ ಈ ಕೆಲಸ ಇಷ್ಟ. ಊಹೆಯನ್ನು ಸುಮ್ಮನೆ ಮಾರದೆ ಅಳೆದು ನೋಡಿದ್ದಾರೆ. ಆದರೆ ಗಮನಿಸಿ: ಅವರು ಕೊಟ್ಟಿದ್ದು ಪಾನೀಯ, ಕಡಿಮೆ ಕಾರ್ಬ್ ಊಟವಲ್ಲ. ಇನ್ನೊಂದು ಗಂಟು ಬಿಡಿಸಿಲ್ಲ. ಗ್ಲೂಕೋಸ್ ಸಿಗದೆ ನರಕೋಶ ಸಾಯುತ್ತಿದೆಯಾ, ಅಥವಾ ಕೋಶ ಕೆಟ್ಟಿದ್ದಕ್ಕೆ ಗ್ಲೂಕೋಸ್ ಬೇಡವಾಗಿದೆಯಾ? ಎರಡೂ ಸ್ವಲ್ಪ ಸ್ವಲ್ಪ ನಿಜ ಇರಬಹುದು.

ಅಲ್ಝೈಮರ್ಸ್ ಅಂದರೆ ‘ಮೂರನೇ ವಿಧದ ಸಕ್ಕರೆ ಕಾಯಿಲೆ’ ಅಂತ ಹೇಳ್ತಾರೆ, ನಿಜವಾ?

ಅಮೆರಿಕದ ಸಂಶೋಧಕಿ ಸುಝಾನ್ ಡಿ ಲಾ ಮಾಂಟೆ ಅವರ ತಂಡ 2005ರಲ್ಲಿ ಈ ಹೆಸರನ್ನು ಬಳಸಿತು. ಅಲ್ಝೈಮರ್ಸ್ ಇದ್ದವರ ಮೆದುಳಿನಲ್ಲಿ ಇನ್ಸುಲಿನ್ ಸಂಕೇತ ಕೆಟ್ಟಿರುವುದನ್ನು ಅವರು ಕಂಡಿದ್ದರು. ವೈದ್ಯರು ಇದನ್ನು ಕಾಯಿಲೆಯ ಹೆಸರಾಗಿ ಒಪ್ಪಿಲ್ಲ. ಸಕ್ಕರೆ ಕಾಯಿಲೆ ಇಲ್ಲದ ಎಷ್ಟೋ ಜನರಿಗೆ ಅಲ್ಝೈಮರ್ಸ್ ಬರುತ್ತದೆ. ಸಕ್ಕರೆ ಕಾಯಿಲೆ ಇರುವ ಬಹಳಷ್ಟು ಜನರಿಗೆ ಬರುವುದೇ ಇಲ್ಲ.

ಸಂಬಂಧ ಮಾತ್ರ ಇದೆ. ಎರಡನೇ ವಿಧದ ಸಕ್ಕರೆ ಕಾಯಿಲೆ ಇರುವವರಲ್ಲಿ ಡಿಮೆನ್ಷಿಯಾ ಅಪಾಯ ಸುಮಾರು ಒಂದೂವರೆ ಪಟ್ಟು. ಇದರಲ್ಲಿ ದೊಡ್ಡ ಪಾಲು ರಕ್ತನಾಳಗಳದ್ದು. ಮೆದುಳಿನೊಳಗಿನ ಸಣ್ಣ ನಾಳಗಳು ವರ್ಷಗಟ್ಟಲೆ ಹೆಚ್ಚಿನ ಸಕ್ಕರೆ, ಬಿಪಿ ಎರಡನ್ನೂ ತಡೆದುಕೊಂಡು ಕೊನೆಗೆ ಗಟ್ಟಿಯಾಗುತ್ತವೆ, ಅಲ್ಲಲ್ಲಿ ಮುಚ್ಚಿಕೊಳ್ಳುತ್ತವೆ. ಕಡಿಮೆ ಕಾರ್ಬ್ ಆಹಾರದಿಂದ ಮೆದುಳಿಗೆ ಲಾಭ ಇದ್ದರೆ ಅದು ಬಹುಶಃ ಈ ದಾರಿಯಲ್ಲೇ ಬರುತ್ತದೆ ಎಂಬುದು ನನ್ನ ಅಂದಾಜು. ಕೀಟೋನ್‌ನ ಮಾಯಾಜಾಲದಿಂದಲ್ಲ.

ಸಕ್ಕರೆ ಕಾಯಿಲೆ ಇಲ್ಲದವರಿಗೂ ರಕ್ತದ ಸಕ್ಕರೆ ಮುಖ್ಯವಾ?

2013ರಲ್ಲಿ ಸಿಯಾಟಲ್‌ನ 2067 ಹಿರಿಯರ ಅಧ್ಯಯನವೊಂದು ಹೊರಬಂತು. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಸರಾಸರಿ ಗ್ಲೂಕೋಸ್ 115 ಇದ್ದವರಿಗೆ, 100 ಇದ್ದವರಿಗಿಂತ ಡಿಮೆನ್ಷಿಯಾ ಅಪಾಯ ಶೇ. 18ರಷ್ಟು ಹೆಚ್ಚಿತ್ತು. ಕಡಿಮೆ ಕಾರ್ಬ್ ಪರ ಮಾತಾಡುವವರೆಲ್ಲ ಇದನ್ನು ತಪ್ಪದೆ ಹೇಳುತ್ತಾರೆ.

ಅವರು ಹೇಳದೆ ಬಿಡುವ ಇನ್ನೊಂದು ಅಧ್ಯಯನ ಇದೆ. ಅಕಾರ್ಡ್ ಮೈಂಡ್ ಎಂಬ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆ ಇದ್ದ ಸುಮಾರು 3000 ಜನರಲ್ಲಿ ಅರ್ಧ ಮಂದಿಯ ಸಕ್ಕರೆಯನ್ನು ಔಷಧಗಳಿಂದ ತುಂಬಾ ಬಿಗಿಯಾಗಿ ಇಳಿಸಿದರು. ಮೂರು ವರ್ಷ ಕಳೆದ ಮೇಲೆ ಪರೀಕ್ಷೆ ಮಾಡಿದರೆ, ಯೋಚನಾಶಕ್ತಿಯಲ್ಲಿ ಎರಡೂ ಗುಂಪಿನ ಮಧ್ಯೆ ವ್ಯತ್ಯಾಸವೇ ಇಲ್ಲ. ಬಿಗಿ ನಿಯಂತ್ರಣದ ಗುಂಪಿನ ಮೆದುಳು ಸ್ವಲ್ಪ ಕಡಿಮೆ ಕುಗ್ಗಿತ್ತು, ಅಷ್ಟೇ. ಮೇಲಾಗಿ ಸಕ್ಕರೆ ತೀರಾ ಕೆಳಗಿಳಿದು ಆಸ್ಪತ್ರೆ ಸೇರಿದ ಹಿರಿಯರಲ್ಲಿ ಆಮೇಲೆ ಡಿಮೆನ್ಷಿಯಾ ಜಾಸ್ತಿ ಕಂಡಿದೆ ಎಂದು 2009ರ ಬೇರೊಂದು ದೊಡ್ಡ ಅಧ್ಯಯನ ಹೇಳುತ್ತದೆ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಹೆಚ್ಚಿನ ಸಕ್ಕರೆ ಕೆಟ್ಟದ್ದರ ಗುರುತು, ಅದು ಸರಿ. ಅದನ್ನು ಹೇಗೆ ಇಳಿಸುತ್ತೀರಿ, ಯಾವ ವಯಸ್ಸಿನಲ್ಲಿ ಇಳಿಸುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಲ್ಝೈಮರ್ಸ್‌ನ ಬದಲಾವಣೆಗಳು ಲಕ್ಷಣ ಕಾಣುವುದಕ್ಕೆ 15–20 ವರ್ಷ ಮೊದಲೇ ಶುರುವಾಗುತ್ತವೆ. ಹಾಗಾಗಿ 45ರಲ್ಲಿ ಸಕ್ಕರೆ ಹತೋಟಿಗೆ ತಂದುಕೊಳ್ಳುವುದು ಬೇರೆ, 78ರಲ್ಲಿ ಹಠಕ್ಕೆ ಬೀಳುವುದು ಬೇರೆ.

ಡಿಮೆನ್ಷಿಯಾ ತಡೆಯುತ್ತದೆ ಎಂದು ಪ್ರಯೋಗಗಳಲ್ಲಿ ಸಾಬೀತಾಗಿದೆಯಾ?

ಇಲ್ಲ. ಸಾವಿರಾರು ಜನರನ್ನು ಹತ್ತಾರು ವರ್ಷ ಕಡಿಮೆ ಕಾರ್ಬ್ ಆಹಾರದಲ್ಲಿ ಇಟ್ಟು ಯಾರಿಗೆ ಡಿಮೆನ್ಷಿಯಾ ಬಂತು ಎಂದು ನೋಡಿದ ಪ್ರಯೋಗ ಒಂದೂ ಇಲ್ಲ. ಇರುವುದು ಸಣ್ಣವು.

2012ರಲ್ಲಿ ಅಮೆರಿಕದಲ್ಲಿ ಮರೆವು ಶುರುವಾಗಿದ್ದ 23 ಹಿರಿಯರ ಮೇಲೆ ಆರು ವಾರದ ಪ್ರಯೋಗ ನಡೆಯಿತು. ಕಾರ್ಬ್ ತೀರಾ ಕಡಿಮೆ ತಿಂದವರು ಪದಗಳನ್ನು ನೆನಪಿಟ್ಟುಕೊಳ್ಳುವುದರಲ್ಲಿ ಮುಂದಿದ್ದರು. ಕಾನ್ಸಾಸ್‌ನ ಪ್ರಯೋಗದಲ್ಲಿ ಅಲ್ಝೈಮರ್ಸ್ ಇದ್ದ 15 ಜನ ಕೀಟೋ ಶುರು ಮಾಡಿದರು, 10 ಜನ ಮುಗಿಸಿದರು. ಅವರ ಅಂಕ ಸುಧಾರಿಸಿತು. ಆಹಾರ ಬಿಟ್ಟು ಒಂದು ತಿಂಗಳಾಗುವಷ್ಟರಲ್ಲಿ ಮೊದಲಿದ್ದಲ್ಲಿಗೇ ಬಂತು. ಹೋಲಿಸಲು ಬೇರೆ ಗುಂಪೂ ಇರಲಿಲ್ಲ. 2021ರ ನ್ಯೂಜಿಲೆಂಡ್ ಪ್ರಯೋಗ ಇವುಗಳಲ್ಲಿ ಚೆನ್ನಾಗಿ ಮಾಡಿದ್ದು. ಅಲ್ಝೈಮರ್ಸ್ ಇದ್ದ 26 ಜನ 12 ವಾರ ಕೀಟೋ, 12 ವಾರ ಕೊಬ್ಬು ಕಡಿಮೆ ಇರುವ ಮಾಮೂಲಿ ಆಹಾರ ತಿಂದರು. ಕೀಟೋ ಸಮಯದಲ್ಲಿ ದಿನನಿತ್ಯದ ಕೆಲಸ, ಬದುಕಿನ ನೆಮ್ಮದಿ ಎರಡೂ ಉತ್ತಮವಾದವು. ನೆನಪು ಮತ್ತು ಯೋಚನೆಯ ಪರೀಕ್ಷೆಯಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ.

ಸೋತದ್ದನ್ನೂ ಹೇಳಬೇಕಲ್ಲ. ಕೀಟೋನ್ ಏರಿಸುವ ಎಸಿ-1204 ಎಂಬ ಉತ್ಪನ್ನವನ್ನು ಅಲ್ಝೈಮರ್ಸ್ ಇರುವ 400ಕ್ಕೂ ಹೆಚ್ಚು ಜನರಲ್ಲಿ 26 ವಾರ ಪರೀಕ್ಷಿಸಿದರು. ಏನೂ ಲಾಭ ಕಾಣಲಿಲ್ಲ. ಹೊಸದಾಗಿ ಬದಲಿಸಿದ ಮಿಶ್ರಣದಿಂದ ಕೀಟೋನ್ ಸಾಕಷ್ಟು ಏರಲೇ ಇಲ್ಲ ಎಂಬ ವಿವರಣೆ ಬಂತು. ಇರಬಹುದು. ಆದರೂ ಇರುವ ಪ್ರಯೋಗಗಳಲ್ಲಿ ದೊಡ್ಡದೇ ಸೋತಿದೆ ಎನ್ನುವುದನ್ನು ಮುಚ್ಚಿಡಬಾರದು.

ಮೂರ್ಛೆರೋಗಕ್ಕೆ ಕೀಟೋ ಕೆಲಸ ಮಾಡುತ್ತೆ ಅಲ್ವಾ? ಅದೇ ಸಾಕ್ಷಿ ಆಗಲ್ವಾ?

ಕೆಲಸ ಮಾಡುತ್ತದೆ. ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ 1921ರಲ್ಲೇ ಇದನ್ನು ಸೂಚಿಸಿದ್ದರು. 2008ರ ಪ್ರಯೋಗದಲ್ಲಿ, ಔಷಧಕ್ಕೆ ಬಗ್ಗದ ಮೂರ್ಛೆ ಇದ್ದ ಮಕ್ಕಳಲ್ಲಿ ಶೇ. 38 ಮಂದಿಗೆ ಮೂರ್ಛೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ಮಾಮೂಲಿ ಊಟದ ಗುಂಪಿನಲ್ಲಿ ಅದು ಶೇ. 6 ಮಾತ್ರ. ಆಹಾರಕ್ಕೆ ಮೆದುಳನ್ನು ಬದಲಿಸುವ ಶಕ್ತಿ ಇದೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಡಿಮೆನ್ಷಿಯಾಗೆ ಅಲ್ಲ, ಅದು ಬೇರೆಯದೇ ಕಾಯಿಲೆ.

ಕಾರ್ಬ್ ಬಿಟ್ಟು ಕೊಬ್ಬು ಜಾಸ್ತಿ ತಿಂದರೆ ರಕ್ತನಾಳಕ್ಕೆ ತೊಂದರೆ ಆಗಲ್ವಾ?

ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ. ಕಡಿಮೆ ಕಾರ್ಬ್ ತಿಂದವರಲ್ಲಿ ಸಾಮಾನ್ಯವಾಗಿ ಸಕ್ಕರೆ ಇಳಿಯುತ್ತದೆ, ಟ್ರೈಗ್ಲಿಸರೈಡ್ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಲ್ಲಿ, ಅದರಲ್ಲೂ ಸಣಕಲು ಮೈಯವರು ಕಟ್ಟುನಿಟ್ಟಾಗಿ ಕೀಟೋ ಮಾಡಿದಾಗ, ಅದು ಗಾಬರಿ ಆಗುವಷ್ಟು ಏರುತ್ತದೆ.

ಡಿಮೆನ್ಷಿಯಾ ತಡೆಯ ಬಗ್ಗೆ ಲ್ಯಾನ್ಸೆಟ್ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ಬದಲಿಸಬಹುದಾದ 14 ಅಪಾಯಗಳ ಪಟ್ಟಿ ಇದೆ. ಆ 14ನ್ನೂ ಪೂರ್ತಿ ಇಲ್ಲವಾಗಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲೆಕ್ಕ. ಆ ಸಲ ಹೊಸದಾಗಿ ಸೇರಿದ ಎರಡರಲ್ಲಿ ಒಂದು, ನಡುವಯಸ್ಸಿನಲ್ಲಿ ಎಲ್‌ಡಿಎಲ್ ಹೆಚ್ಚಿರುವುದು. ಇನ್ನೊಂದು ದೃಷ್ಟಿದೋಷಕ್ಕೆ ಚಿಕಿತ್ಸೆ ಮಾಡಿಸದೆ ಬಿಡುವುದು. ಹಾಗಾಗಿ ಮೆದುಳಿನ ಹೆಸರಲ್ಲಿ ಬೆಣ್ಣೆ, ಕೆಂಪು ಮಾಂಸ, ಚೀಸ್ ರಾಶಿ ಹಾಕಿಕೊಂಡು ಎಲ್‌ಡಿಎಲ್ ಏರಿಸಿಕೊಳ್ಳುವುದು ಒಂದು ಕಿಟಕಿ ಮುಚ್ಚಿ ಬಾಗಿಲು ತೆರೆದಿಟ್ಟ ಹಾಗೆ.

ಕೊಬ್ಬು ಎಲ್ಲಿಂದ ಬರುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಆಲಿವ್ ಎಣ್ಣೆ, ಬಾದಾಮಿ, ವಾಲ್‌ನಟ್, ಮೀನು, ಸೊಪ್ಪು ತರಕಾರಿ ಹೆಚ್ಚಿರುವ ಕಡಿಮೆ ಕಾರ್ಬ್ ಊಟವೇ ಬೇರೆ. ಈ ಥರದ ಮೆಡಿಟರೇನಿಯನ್ ಕೀಟೋವನ್ನು 2020ರಲ್ಲಿ ಅಪಾಯದಲ್ಲಿದ್ದ 20 ಜನರ ಮೇಲೆ ನೋಡಿದ್ದಾರೆ. ಬೆನ್ನುಹುರಿ ದ್ರವದಲ್ಲಿನ ಕೆಲವು ಅಲ್ಝೈಮರ್ಸ್ ಗುರುತುಗಳು ಒಳ್ಳೆಯ ದಿಕ್ಕಿಗೆ ಸರಿದವು. ಇದೂ ಸಣ್ಣದೇ, ಆದರೆ ನನ್ನ ಪ್ರಕಾರ ಮುಂದೆ ದೊಡ್ಡದಾಗಿ ಮಾಡಿ ನೋಡಬೇಕಾದ್ದು ಇದನ್ನೇ.

ಕಾರ್ಬ್ ಎಲ್ಲಾ ಒಂದೇನಾ? ಯಾವುದನ್ನು ಮೊದಲು ಬಿಡಬೇಕು?

ಒಂದೇ ಅಲ್ಲ. ಮೊದಲು ಹೋಗಬೇಕಾದ್ದು ಸಿಹಿ ಪಾನೀಯಗಳು. ಹಣ್ಣಿನ ಜ್ಯೂಸ್ ಕೂಡ ಅದೇ ಸಾಲಿಗೆ ಸೇರುತ್ತದೆ. ಆಮೇಲೆ ಸಿಹಿತಿಂಡಿ, ಮೈದಾ, ಪಾಲಿಶ್ ಮಾಡಿದ ಧಾನ್ಯದ ಭಾರೀ ಪಾಲು. ಕಾಳು, ತರಕಾರಿ, ಇಡೀ ಹಣ್ಣು ಕೊನೆಯ ತನಕ ತಟ್ಟೆಯಲ್ಲಿ ಇರಲಿ. ಕೀಟೋ ಲೆಕ್ಕ ಹಾಕುತ್ತಾ ಕಾಳನ್ನೂ ಹಣ್ಣನ್ನೂ ಬಿಡಿಸಿ, ಕಾರ್ಬ್ ಇಲ್ಲ ಎಂದು ಬರೆದ ಪ್ಯಾಕೆಟ್ ತಿಂಡಿ ಕೊಳ್ಳಿಸುವ ಸಲಹೆಗಳನ್ನು ಕಂಡರೆ ನನಗೆ ರೇಗುತ್ತದೆ.

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಾನೇ ಶುರು ಮಾಡಬಹುದಾ?

ಬೇಡ. ಮೊದಲು ವೈದ್ಯರ ಹತ್ತಿರ ಮಾತಾಡಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಝೈಡ್ ಥರದ ಮಾತ್ರೆ ಇದ್ದರೆ, ಕಾರ್ಬ್ ಇಳಿಸಿದ ದಿನವೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧದ ಪ್ರಮಾಣವನ್ನು ಮೊದಲೇ ಬದಲಿಸಬೇಕಾಗುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಇವುಗಳ ಜೊತೆ ಕೀಟೋ ಮಾಡಿದರೆ ಕೀಟೋಅಸಿಡೋಸಿಸ್ ಎಂಬ ಜೀವಕ್ಕೆ ಕುತ್ತು ತರುವ ಸ್ಥಿತಿ ಬರಬಹುದು. ಆಗ ರಕ್ತದ ಸಕ್ಕರೆ ಅಷ್ಟೇನೂ ಏರಿರುವುದಿಲ್ಲ, ಅದಕ್ಕೇ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಬಿಪಿ ಮಾತ್ರೆಯವರಿಗೂ ಒಂದು ಮಾತು. ಕಾರ್ಬ್ ಇಳಿಸಿದ ಮೊದಲ ವಾರಗಳಲ್ಲಿ ದೇಹದಿಂದ ನೀರು, ಉಪ್ಪು ಹೊರಹೋಗುತ್ತವೆ. ಬಿಪಿ ಇಳಿದು, ಎದ್ದು ನಿಂತಾಗ ತಲೆ ತಿರುಗಿ ಬೀಳುವುದುಂಟು. ಹಿರಿಯರು ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು.

ಮೊದಲನೇ ವಿಧದ ಸಕ್ಕರೆ ಕಾಯಿಲೆ, ಕಿಡ್ನಿ ಅಥವಾ ಲಿವರ್ ತೊಂದರೆ, ಪ್ಯಾಂಕ್ರಿಯಾಸ್ ಉರಿಯೂತ ಆಗಿದ್ದವರು, ಬಸುರಿಯರು, ಹಾಲೂಡಿಸುವವರು, ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಕೀಟೋ ಕಡೆ ತಾವಾಗಿಯೇ ಹೋಗಬಾರದು.

ಅಮ್ಮನಿಗೆ ಈಗಾಗಲೇ ಡಿಮೆನ್ಷಿಯಾ ಇದೆ. ಅವರಿಗೆ ಕಡಿಮೆ ಕಾರ್ಬ್ ಊಟ ಕೊಡಲಾ?

ಅವರ ತೂಕ ಎಷ್ಟಿದೆ, ಇಳಿಯುತ್ತಿದೆಯಾ? ಮೊದಲು ಅದನ್ನು ನೋಡಿ. ಡಿಮೆನ್ಷಿಯಾದಲ್ಲಿ ತೂಕ ಇಳಿಯುವುದು ಮಾಮೂಲು, ತೂಕದ ಜೊತೆ ಮಾಂಸಖಂಡವೂ ಹೋಗುತ್ತದೆ, ಆಮೇಲೆ ನಿಲ್ಲಲು ನಡೆಯಲು ಕಷ್ಟವಾಗುತ್ತದೆ. ಹಸಿವೇ ಕಡಿಮೆ ಇರುವವರ ತಟ್ಟೆಯಿಂದ ಅವರು ಇಷ್ಟಪಟ್ಟು ತಿನ್ನುವುದನ್ನೇ ತೆಗೆದರೆ ಅವರು ಊಟವನ್ನೇ ಬಿಡಬಹುದು.

ಸಿಹಿಗಾಗಿ ಹಠ ಹಿಡಿಯುವುದು ಕೂಡ ಕಾಯಿಲೆಯ ಭಾಗವೇ ಆಗಿರಬಹುದು. ಮೆದುಳಿನ ಮುಂಭಾಗವನ್ನು ಕಾಡುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಲ್ಲಿ ಸಿಹಿಯ ಆಸೆ ವಿಪರೀತ ಏರುತ್ತದೆ. ಅವರಿಗೆ ‘ಸಕ್ಕರೆ ಒಳ್ಳೆಯದಲ್ಲಮ್ಮ’ ಎಂದು ತಿಳಿಹೇಳಿ ಪ್ರಯೋಜನ ಇಲ್ಲ. ಕಣ್ಣಿಗೆ ಕಾಣದ ಹಾಗೆ ಎತ್ತಿಡುವುದು ಸುಲಭದ ದಾರಿ.

ತೂಕ ಚೆನ್ನಾಗಿದೆ, ಸಕ್ಕರೆ ಕಾಯಿಲೆ ಇದೆ, ನೋಡಿಕೊಳ್ಳಲು ಕೈತುಂಬ ಜನ ಇದ್ದಾರೆ, ವೈದ್ಯರೂ ಒಪ್ಪಿದ್ದಾರೆ ಅಂದರೆ ಸಿಹಿ ಮತ್ತು ಪಿಷ್ಟ ಸ್ವಲ್ಪ ಇಳಿಸಿ ನೋಡಬಹುದು. ಕೀಟೋ ಬೇಡ ಎನ್ನುತ್ತೇನೆ. ಮೇಲೆ ಹೇಳಿದ ಪ್ರಯೋಗಗಳಲ್ಲೂ ಕಾಯಿಲೆ ಶುರುವಿನ ಹಂತದಲ್ಲಿದ್ದವರು, ಜೊತೆಗೆ ಆಹಾರತಜ್ಞರ ನೆರವು ಇದ್ದವರೇ ಹೆಚ್ಚು.

ಶುರು ಮಾಡಿದ ವಾರದಲ್ಲೇ ತಲೆ ಮಂಕಾಗಿದೆ. ಮೆದುಳಿಗೆ ಪೆಟ್ಟಾಯಿತಾ?

ಇಲ್ಲ. ಉಪ್ಪು, ನೀರು ಕಡಿಮೆಯಾಗಿ ತಲೆನೋವು, ಸುಸ್ತು, ಮಂಕು ಬರುತ್ತವೆ. ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಹೋಗದಿದ್ದರೆ ಎಳೆದಾಡಬೇಡಿ, ನಿಲ್ಲಿಸಿ ತೋರಿಸಿಕೊಳ್ಳಿ.

ದಿನಾ ತೆಂಗಿನ ಎಣ್ಣೆ ಕುಡಿದರೆ ಸಾಕಂತೆ?

ತೆಂಗಿನ ಎಣ್ಣೆಯಲ್ಲಿ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ. ಬೇಗ ಕೀಟೋನ್ ಆಗುವ ಕ್ಯಾಪ್ರಿಲಿಕ್ ಆಮ್ಲ ಶೇ. 10ಕ್ಕಿಂತ ಕಡಿಮೆ. ಹಾಗಾಗಿ ಎಂಸಿಟಿ ಪ್ರಯೋಗದ ಫಲಿತಾಂಶವನ್ನು ಇದಕ್ಕೆ ಅಂಟಿಸುವಂತಿಲ್ಲ. ಎಲ್‌ಡಿಎಲ್ ಏರುವುದಂತೂ ಖಂಡಿತ ಸಾಧ್ಯ. ಅಡುಗೆಗೆ ಬಳಸುವವರು ಬಳಸಲಿ, ಔಷಧ ಎಂದು ಕುಡಿಯುವುದು ಬೇಡ.

ಹಾಗಾದರೆ ಯಾವುದಕ್ಕೆ ಹೆಚ್ಚು ಸಾಕ್ಷಿ ಇದೆ?

ಬಿಪಿ ಹತೋಟಿಗೆ. 2019ರ ಸ್ಪ್ರಿಂಟ್ ಮೈಂಡ್ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗೆ ಇಡಲು ಪ್ರಯತ್ನಿಸಿದವರಲ್ಲಿ, ಡಿಮೆನ್ಷಿಯಾಗೆ ಮುಂಚಿನ ಮರೆವಿನ ಹಂತ ಶೇ. 19ರಷ್ಟು ಕಡಿಮೆ ಕಂಡಿತು. ಫಿನ್‌ಲೆಂಡ್‌ನ ಫಿಂಗರ್ ಪ್ರಯೋಗದಲ್ಲಿ 1260 ಹಿರಿಯರಲ್ಲಿ ಅರ್ಧ ಮಂದಿಗೆ ಆಹಾರ, ವ್ಯಾಯಾಮ, ಮೆದುಳಿಗೆ ಕಸರತ್ತು, ಬಿಪಿ–ಸಕ್ಕರೆ ತಪಾಸಣೆ ಎಲ್ಲವನ್ನೂ ಎರಡು ವರ್ಷ ಒಟ್ಟಿಗೆ ಕೊಟ್ಟರು. ಯೋಚನಾಶಕ್ತಿಯಲ್ಲಿ ಸಣ್ಣದಾದರೂ ನಿಜವಾದ ಲಾಭ ಸಿಕ್ಕಿತು. ಬರೀ ಆಹಾರ ಬದಲಿಸಿದಾಗ ಅಷ್ಟು ಸುಲಭವಾಗಿ ಫಲ ಸಿಕ್ಕಿಲ್ಲ. ಮೆದುಳಿಗೆಂದೇ ರೂಪಿಸಿದ, ಬಹಳ ಹೆಸರು ಮಾಡಿದ ‘ಮೈಂಡ್’ ಎಂಬ ಆಹಾರಕ್ರಮವನ್ನು 604 ಜನರ ಮೇಲೆ ಮೂರು ವರ್ಷ ನೋಡಿದಾಗ, 2023ರಲ್ಲಿ ಬಂದ ಫಲಿತಾಂಶದಲ್ಲಿ ಹೋಲಿಕೆ ಗುಂಪಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಆದರೂ ಮಾಡಿ ನೋಡುತ್ತೇನೆ ಅಂದರೆ ಏನೇನು ಪರೀಕ್ಷೆ ಮಾಡಿಸಬೇಕು?

ಶುರು ಮಾಡುವ ಮೊದಲು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ), ಕೊಲೆಸ್ಟ್ರಾಲ್, ಕಿಡ್ನಿ ಪರೀಕ್ಷೆ, ಬಿಪಿ, ತೂಕ ಬರೆದಿಟ್ಟುಕೊಳ್ಳಿ. ಮೂರು ತಿಂಗಳಿಗೆ ಮತ್ತೆ ನೋಡಿ. ಎಚ್‌ಬಿಎ1ಸಿ ಇಳಿದು ಎಲ್‌ಡಿಎಲ್ ಏರದೆ ಇದ್ದರೆ ಮುಂದುವರಿಸಲು ಒಳ್ಳೆಯ ಕಾರಣ ಸಿಕ್ಕಿತು. ಎಲ್‌ಡಿಎಲ್ ಏರಿದ್ದರೆ ಕೊಬ್ಬಿನ ಬಗೆ ಬದಲಿಸಿ, ಅಥವಾ ಕಾರ್ಬ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ, ನಡುವಯಸ್ಸಿನಲ್ಲಿ ಸಕ್ಕರೆ ಅಂಚಿನಲ್ಲಿರುವವರಿಗೆ ಮಿತವಾದ ಕಡಿಮೆ ಕಾರ್ಬ್ ಊಟ ಚೆನ್ನಾಗಿ ಹೊಂದುತ್ತದೆ. ಸಕ್ಕರೆಗಾಗಿ ಮಾಡಿ. ಮೆದುಳಿಗೆ ಏನಾದರೂ ಸಿಕ್ಕರೆ ಅದು ಲಾಭ.

ಈಚೆಗೆ ಮರೆವು ಜಾಸ್ತಿಯಾಗಿದೆ. ಡಾಕ್ಟರ್ ಹತ್ತಿರ ಹೋಗುವ ಮೊದಲು ಆರು ತಿಂಗಳು ಡಯಟ್ ಮಾಡಿ ನೋಡಲಾ?

ದಯವಿಟ್ಟು ಕಾಯಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕಿವಿ ಮಂದವಾಗುವುದು, ಕೆಲವು ನಿದ್ದೆ ಮಾತ್ರೆ ಮತ್ತು ಅಲರ್ಜಿ ಮಾತ್ರೆಗಳು ಕೂಡ ಮರೆವು ತರುತ್ತವೆ. ಇವುಗಳಲ್ಲಿ ಬಹಳಷ್ಟಕ್ಕೆ ಚಿಕಿತ್ಸೆ ಇದೆ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡವರು ಬಿ12 ಅನ್ನು ವಿಶೇಷವಾಗಿ ನೋಡಿಸಿಕೊಳ್ಳಬೇಕು, ಆ ಮಾತ್ರೆ ಅದನ್ನು ಇಳಿಸುತ್ತದೆ. ಹೋಗುವಾಗ ನಿಮ್ಮ ಜೊತೆ ಇರುವ ಒಬ್ಬರನ್ನು ಕರೆದುಕೊಂಡು ಹೋಗಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹೊಸ ಡಯಟ್ ಶುರು ಮಾಡಿದ್ದರೆ ಅದನ್ನೂ ಹೇಳಿ.